ಗುಂಡು ಕೊರೆದ ತೂತಿನ ಬೆಳಕು

ದರೋಡೆಕೋರರ ಚಿತ್ರದಲ್ಲಿ ಕೊನೆಯ ಮಾತು ಬಂದೂಕಿನದ್ದು. ರಕ್ತಪಿಶಾಚಿಯ ಚಿತ್ರದಲ್ಲಿ ಅದೇ ಬಂದೂಕಿಗೆ ಕವಡೆ ಕಾಸಿನ ಬೆಲೆಯಿಲ್ಲ. ಅಲ್ಲಿ ನಡೆಯುವುದು ಶಿಲುಬೆ, ಮರದ ಗೂಟ, ಬಿಸಿಲು. ಹೀಗಿರುವಾಗ ಬಂದೂಕು ಹಿಡಿದವರ ಕತೆಯೊಳಗೆ ರಕ್ತಪಿಶಾಚಿ ಕಾಲಿಟ್ಟರೆ ಗುಂಡಿಗೆ ಏನು ಕೆಲಸ ಉಳಿಯುತ್ತದೆ? ಕ್ರೈಮನ್ನೂ ಪಿಶಾಚಿಯನ್ನೂ ಬೆರೆಸಲು ಹೊರಟ ಯಾವ ಚಿತ್ರವನ್ನಾದರೂ ನಾನು ಅಳೆಯುವುದು ಈ ಪ್ರಶ್ನೆಯಿಂದ.

ಇಂಥ ಚಿತ್ರ ಎಂದಕೂಡಲೇ ಎಲ್ಲರೂ ಹೇಳುವ ಹೆಸರು 1996ರ ‘ಫ್ರಮ್ ಡಸ್ಕ್ ಟಿಲ್ ಡಾನ್’. ರಾಬರ್ಟ್ ರೊಡ್ರಿಗೆಜ್ ನಿರ್ದೇಶನ, ಕ್ವೆಂಟಿನ್ ಟ್ಯಾರಂಟಿನೊ ಚಿತ್ರಕತೆ. ಬ್ಯಾಂಕ್ ದೋಚಿ ಮೆಕ್ಸಿಕೊ ಕಡೆಗೆ ಓಡುತ್ತಿರುವ ಗೆಕೊ ಸಹೋದರರು. ಅಣ್ಣ ಸೆತ್ ಆಗಿ ಜಾರ್ಜ್ ಕ್ಲೂನಿ, ತಲೆಕೆಟ್ಟ ತಮ್ಮ ರಿಚಿಯಾಗಿ ಸ್ವತಃ ಟ್ಯಾರಂಟಿನೊ. ಟೆಕ್ಸಸ್‌ನ ಹೆದ್ದಾರಿ ಬದಿಯ ಮದ್ಯದಂಗಡಿಯಲ್ಲಿ ಚಿತ್ರ ಶುರುವಾಗುತ್ತದೆ. ಒಬ್ಬ ಹಿರಿಯ ರೇಂಜರ್ ಒಳಗೆ ಬಂದು ಸೆಖೆಯ ಬಗ್ಗೆ ಗೊಣಗುತ್ತಾನೆ, ಲೋಕಾಭಿರಾಮ ಮಾತಾಡುತ್ತಾನೆ. ಗಲ್ಲಾದ ಹುಡುಗ ಬೆವರುತ್ತಿದ್ದಾನೆ. ಯಾಕೆಂದು ನಮಗೆ ಗೊತ್ತಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ರೇಂಜರ್ ಹೆಣವಾಗುತ್ತಾನೆ. ಮಾತನ್ನು ಎಳೆದು ಎಳೆದು ಭಯ ಹುಟ್ಟಿಸುವ ಈ ಕಸುಬಿನಲ್ಲಿ ಟ್ಯಾರಂಟಿನೊಗೆ ಸಾಟಿ ಕಡಿಮೆ.

ಸುಮಾರು ಒಂದು ಗಂಟೆಯವರೆಗೆ ಇದು ಅಪ್ಪಟ ಕ್ರೈಮ್ ಚಿತ್ರ. ಆಮೇಲೆ ಗಡಿಯಾಚೆಯ ಬಾರೊಂದರಲ್ಲಿ ಸಲ್ಮಾ ಹಯೆಕ್ ಹಾವು ಹೊದ್ದು ಕುಣಿಯುತ್ತಾಳೆ, ಜಗಳ ಹತ್ತುತ್ತದೆ, ಬಾರಿನವರೆಲ್ಲ ಪಿಶಾಚಿಗಳಾಗುತ್ತಾರೆ. ಇಂಟರ್ವಲ್‌ನಲ್ಲಿ ಕತೆ ಮಗುಚುವುದನ್ನು ನೋಡುತ್ತಲೇ ಬೆಳೆದ ನಮಗೆ ಈ ತಿರುವು ಹೊಸದೆನಿಸಲಿಕ್ಕಿಲ್ಲ. ಅಮೆರಿಕದ ಪ್ರೇಕ್ಷಕರಿಗೆ ಅದು ಆಘಾತ. ಈ ಆಕಾರಕ್ಕೊಂದು ಹಿನ್ನೆಲೆಯಿದೆ. ಕತೆಯ ಮೂಲ ಎಳೆ ರಾಬರ್ಟ್ ಕರ್ಟ್ಜ್‌ಮನ್ ಎಂಬ ಮೇಕಪ್ ಕಲಾವಿದನದ್ದು. ತನ್ನ ಸಂಸ್ಥೆಯ ಕೈಚಳಕ ತೋರಿಸಲು ಒಂದು ಚಿತ್ರ ಬೇಕೆಂದು, ಆಗಿನ್ನೂ ಹೆಸರು ಮಾಡಿರದ ಟ್ಯಾರಂಟಿನೊಗೆ 1,500 ಡಾಲರ್ ಕೊಟ್ಟು ಬರೆಸಿದ. ಮೊದಲರ್ಧ ಬರಹಗಾರನದ್ದು, ಎರಡನೆಯದು ಮೇಕಪ್‌ನವರದ್ದು ಎಂದು ತೆರೆಯ ಮೇಲೂ ಕಾಣುತ್ತದೆ.

ಹಾಗೆಂದು ಎರಡು ಚಿತ್ರಗಳನ್ನು ಅಂಟಿಸಿದ್ದಾರೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ರಿಚಿಯ ಅಂಗೈ ನೋಡಿ. ಆ ಮದ್ಯದಂಗಡಿಯಲ್ಲೇ ಗಲ್ಲಾದ ಹುಡುಗನ ಗುಂಡು ಅವನ ಅಂಗೈಯನ್ನು ತೂರಿ ಹೋಗಿರುತ್ತದೆ. ಅದಕ್ಕೆ ಟೇಪು ಸುತ್ತಿಕೊಂಡೇ ಅವನು ಅರ್ಧ ಚಿತ್ರ ಓಡಾಡುತ್ತಾನೆ. ಬಾರಿನ ಜಗಳದಲ್ಲಿ ಅದೇ ಕೈಗೆ ಚಾಕು ಬೀಳುತ್ತದೆ, ರಕ್ತ ತೊಟ್ಟಿಕ್ಕುತ್ತದೆ, ಅದನ್ನು ಕಂಡೇ ಕುಣಿಯುವವಳ ಹಸಿವು ಕೆರಳುತ್ತದೆ. ಕ್ರೈಮ್ ಕತೆಯ ಗಾಯ ಪಿಶಾಚಿ ಕತೆಗೆ ಬಾಗಿಲಾಗುತ್ತದೆ. ನಂಬಿಕೆ ಕಳೆದುಕೊಂಡ ಪಾದ್ರಿಯಾಗಿ ಹಾರ್ವಿ ಕೈಟೆಲ್ ಶಾಟ್‌ಗನ್ನಿಗೆ ಬೇಸ್‌ಬಾಲ್ ಬ್ಯಾಟನ್ನು ಅಡ್ಡ ಹಿಡಿದು ಶಿಲುಬೆ ಮಾಡಿಕೊಳ್ಳುವ ಹೊತ್ತಿನಲ್ಲೂ ಎರಡು ಲೋಕಗಳು ಕೂಡುತ್ತವೆ. ಕೈಟೆಲ್‌ನ ಮುಖದಲ್ಲಿ ಹೆಂಡತಿಯನ್ನು ಕಳೆದುಕೊಂಡವನ ದುಃಖ ನಿಜವಾದದ್ದು. ಅದಿಲ್ಲದಿದ್ದರೆ ಆ ಬ್ಯಾಟು ಬರೀ ಆಟದ ಸಾಮಾನು. ಇವೆರಡರ ನಡುವೆ ತುಂಬಿರುವ ಹಸಿರು ರಕ್ತ, ಸಿಡಿಯುವ ತಲೆಗಳು, ರಬ್ಬರ್ ಮೈಗಳು ಮಾತ್ರ ನನ್ನನ್ನು ದಣಿಸುತ್ತವೆ. ಮೊದಲರ್ಧದಲ್ಲಿ, ಕೋಣೆಯೊಂದರಲ್ಲಿ ಸಹೋದರರ ಒತ್ತೆಯಾಳಾಗಿದ್ದ ಹೆಂಗಸಿಗೆ ತಮ್ಮ ಏನು ಮಾಡಿದ್ದಾನೆಂದು ಸೆತ್ ಕಾಣುವ ಕ್ಷಣ, ಆ ನೂರು ಪಿಶಾಚಿಗಳಿಗಿಂತ ಹೆಚ್ಚು ನಡುಗಿಸುತ್ತದೆ.

ಇದೇ ಬೆರಕೆಯ ಇನ್ನೊಂದು ಚಿತ್ರ, ಜಾನ್ ಲ್ಯಾಂಡಿಸ್‌ನ ‘ಇನೊಸೆಂಟ್ ಬ್ಲಡ್’ (1992) ಪಿಟ್ಸ್‌ಬರ್ಗ್‌ನ ಮಾಫಿಯಾ ದೊರೆಯನ್ನೇ ಪಿಶಾಚಿ ಮಾಡುತ್ತದೆ. ಐಡಿಯಾ ಚೆನ್ನ, ಚಿತ್ರ ಸಾಧಾರಣ.

ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟದ್ದು ‘ನಿಯರ್ ಡಾರ್ಕ್’. 1987ರ ಚಿತ್ರ, ಕ್ಯಾಥರಿನ್ ಬಿಗೆಲೊ ಒಬ್ಬರೇ ನಿರ್ದೇಶಿಸಿದ ಮೊದಲನೆಯದು. ಎರಿಕ್ ರೆಡ್ ಜೊತೆ ಅವರೇ ಬರೆದದ್ದು. ವೆಸ್ಟರ್ನ್ ಮಾಡುವ ಆಸೆಯಿದ್ದರೂ ಆ ಕಾಲದಲ್ಲಿ ಅದಕ್ಕೆ ಹಣ ಹಾಕುವವರಿರಲಿಲ್ಲ, ಆದ್ದರಿಂದ ಪಿಶಾಚಿಗಳನ್ನು ತಂದರು. ಇಲ್ಲಿಯವರಿಗೆ ಕೋರೆಹಲ್ಲಿಲ್ಲ, ಕಪ್ಪು ನಿಲುವಂಗಿಯಿಲ್ಲ. ‘ವ್ಯಾಂಪೈರ್’ ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ಕದ್ದ ಗಾಡಿಗಳ ಕಿಟಕಿ ಮುಚ್ಚಿಕೊಂಡು ಬಯಲುಸೀಮೆಯ ರಸ್ತೆಗಳಲ್ಲಿ ಅಲೆಯುವ, ಕೊಂದು ಬದುಕುವ ಒಂದು ಗ್ಯಾಂಗ್ ಅದು. ಲ್ಯಾನ್ಸ್ ಹೆನ್ರಿಕ್ಸನ್, ಬಿಲ್ ಪ್ಯಾಕ್ಸ್‌ಟನ್, ಜೆನೆಟ್ ಗೋಲ್ಡ್‌ಸ್ಟೀನ್ ಮೂವರೂ ಹಿಂದಿನ ವರ್ಷದ ‘ಏಲಿಯನ್ಸ್’ನಲ್ಲಿ ಒಟ್ಟಿಗೆ ನಟಿಸಿದ್ದವರು, ಆ ಒಡನಾಟ ಇಲ್ಲಿ ಒಂದು ಮನೆಯವರ ಸಲುಗೆಯಾಗಿ ಕಾಣುತ್ತದೆ. ಪ್ರೀತಿಸಿದ ಹುಡುಗಿ ಕಚ್ಚಿದ್ದರಿಂದ ಇವರ ನಡುವೆ ಸಿಕ್ಕಿಬಿದ್ದ ಓಕ್ಲಹೋಮಾದ ಹಳ್ಳಿ ಹುಡುಗ ಕೇಲೆಬ್‌ಗೆ ಕೊಲ್ಲುವ ಮನಸ್ಸಿಲ್ಲ.

ಹಗಲು ಹೊತ್ತಿನಲ್ಲಿ ಅವರು ಮೋಟೆಲ್ಲೊಂದರ ಕತ್ತಲೆ ಕೋಣೆಯಲ್ಲಿ ಅಡಗಿದ್ದಾರೆ. ಪೊಲೀಸರು ಸುತ್ತುವರಿದು ಗುಂಡು ಹಾರಿಸುತ್ತಾರೆ. ಗುಂಡು ಇವರಿಗೆ ಲೆಕ್ಕಕ್ಕಿಲ್ಲ. ಆದರೆ ಪ್ರತಿ ಗುಂಡೂ ಗೋಡೆಯಲ್ಲಿ ಒಂದು ತೂತು ಬಿಟ್ಟು ಹೋಗುತ್ತದೆ, ಪ್ರತಿ ತೂತಿನಿಂದಲೂ ಒಂದು ಬಿಸಿಲ ಕೋಲು ಕೋಣೆಯೊಳಗೆ ಚಾಚುತ್ತದೆ, ಅದು ತಾಗಿದ ಮೈ ಸುಟ್ಟು ಹೊಗೆಯಾಡುತ್ತದೆ. ಹೊರಗಿನ ಪೊಲೀಸರಿಗೆ ತಮ್ಮ ಆಯುಧ ಏನು ಮಾಡುತ್ತಿದೆ ಎಂಬುದೇ ಗೊತ್ತಿಲ್ಲ. ಆಡಮ್ ಗ್ರೀನ್‌ಬರ್ಗ್ ಕ್ಯಾಮೆರಾ ಆ ಧೂಳು ತುಂಬಿದ ಕೋಣೆಯಲ್ಲಿ ಬೆಳಕನ್ನು ಗಟ್ಟಿ ವಸ್ತುವಿನಂತೆ ಹಿಡಿದಿದೆ. ಕೇಲೆಬ್ ಕಂಬಳಿ ಹೊದ್ದು, ಮೈ ಸುಡುತ್ತಲೇ ಬಿಸಿಲಲ್ಲಿ ಓಡಿ ವ್ಯಾನು ತಂದು ಗೋಡೆ ಒಡೆದು ಎಲ್ಲರನ್ನೂ ಪಾರುಮಾಡುತ್ತಾನೆ. ಅವನನ್ನು ಗ್ಯಾಂಗ್ ಒಪ್ಪಿಕೊಳ್ಳುವುದು ಅಲ್ಲಿ. ಕ್ರೈಮ್ ಚಿತ್ರದ ಅತಿ ಹಳೆಯ ದೃಶ್ಯವಾದ ಪೊಲೀಸ್ ಮುತ್ತಿಗೆ, ಪಿಶಾಚಿ ಕತೆಯ ಅತಿ ಹಳೆಯ ನಿಯಮವಾದ ಬಿಸಿಲು, ಎರಡೂ ಒಂದನ್ನೊಂದು ಬಿಟ್ಟು ನಿಲ್ಲಲಾರದಂತೆ ಹೆಣೆದುಕೊಂಡಿವೆ.

‘ಫ್ರಮ್ ಡಸ್ಕ್ ಟಿಲ್ ಡಾನ್’ನ ಕೊನೆಯಲ್ಲೂ ಬೆಳಗಾಗುತ್ತಿರುವಾಗ ಸೆತ್ ಬಾರಿನ ಗೋಡೆಗೆ ಗುಂಡು ಹಾರಿಸಿ ಬಿಸಿಲನ್ನು ಒಳಗೆ ಬಿಡುತ್ತಾನೆ. ಒಂಬತ್ತು ವರ್ಷ ಮೊದಲೇ ಬಿಗೆಲೊ ಅದನ್ನು ಇನ್ನೂ ಆಳವಾಗಿ ಮಾಡಿಯಾಗಿತ್ತು.

‘ನಿಯರ್ ಡಾರ್ಕ್’ನಲ್ಲಿ ದೋಷವಿಲ್ಲವೆಂದಲ್ಲ. ಅಪ್ಪ ತನ್ನ ರಕ್ತ ಕೊಟ್ಟು ಮಗನನ್ನು ಮತ್ತೆ ಮನುಷ್ಯನನ್ನಾಗಿಸುವ ಪರಿಹಾರ ತೀರಾ ಸಲೀಸು. ಅಷ್ಟು ಹೊತ್ತು ಕಟ್ಟಿದ ಸಂಕಟ ಅಲ್ಲಿ ಸಡಿಲವಾಗುತ್ತದೆ. ಬಿಡುಗಡೆಯಾದಾಗ ಚಿತ್ರಮಂದಿರಗಳಲ್ಲಿ ಅದು ಸೋತಿತು. ಅದೇ ವರ್ಷ ಕೆಲ ತಿಂಗಳ ಮೊದಲು ಬಂದಿದ್ದ ‘ದಿ ಲಾಸ್ಟ್ ಬಾಯ್ಸ್’ ಎಂಬ ಹಗುರ ಪಿಶಾಚಿ ಚಿತ್ರವನ್ನು ಜನ ಮೆಚ್ಚಿಕೊಂಡಿದ್ದರು. ಬಿಗೆಲೊ 2010ರಲ್ಲಿ ‘ದಿ ಹರ್ಟ್ ಲಾಕರ್’ಗಾಗಿ ಉತ್ತಮ ನಿರ್ದೇಶನದ ಆಸ್ಕರ್ ಪಡೆದ ಮೊದಲ ಮಹಿಳೆಯಾದರು. ಆ ಚಿತ್ರವನ್ನು ಕಂಡು ಅವರ ಹೆಸರು ತಿಳಿದವರು ಅನೇಕರು ‘ನಿಯರ್ ಡಾರ್ಕ್’ ನೋಡಿರಲಿಕ್ಕಿಲ್ಲ. ಎರಡನ್ನೂ ನೋಡುವ ಮನಸ್ಸಿದ್ದರೆ 1987ರದ್ದನ್ನು ಮೊದಲು ನೋಡಿ, 1996ರದ್ದನ್ನು ಆಮೇಲೆ. ಹಗಲು ಹೊತ್ತಿನಲ್ಲಿ, ಬೆಳಕು ಬೀಳುವ ಪರದೆಯ ಮೇಲೆ ಮಾತ್ರ ನೋಡಬೇಡಿ. ಆ ಮೋಟೆಲ್ ಕೋಣೆಗೆ ಪೂರ್ತಿ ಕತ್ತಲೆ ಬೇಕು.