ಓದುತ್ತಲೇ ಅಳೆಯುವ ಬೆಳಕು
ಮಸುಕು ಗೆಲಾಕ್ಸಿಯೊಂದನ್ನು ಹಿಡಿಯಲು ಅವಕೆಂಪು ದೂರದರ್ಶಕ ಎಷ್ಟು ಹೊತ್ತು ಬೆಳಕು ಕೂಡಿಸಬೇಕು? ನೆಲದ ಮೇಲೆ ಆಕಾಶವೂ ದೂರದರ್ಶಕವೂ ತಮ್ಮ ಶಾಖದಿಂದಲೇ ಅವಕೆಂಪಿನಲ್ಲಿ ಹೊಳೆಯುತ್ತವೆ. ಸಂವೇದಕ ಬೇಗ ತುಂಬಿಹೋಗುತ್ತದೆ. ಅದಕ್ಕೇ ಅಲ್ಲಿ ಚಿಕ್ಕ ಚಿಕ್ಕ ಎಕ್ಸ್‌ಪೋಷರ್‌ಗಳನ್ನು ತೆಗೆದು ಕೂಡಿಸುತ್ತಾರೆ. ಹಿನ್ನೆಲೆಯ ಗದ್ದಲದ ಎದುರು ಸಂಕೇತ ಇಮ್ಮಡಿ ಸ್ಪಷ್ಟವಾಗಬೇಕಾದರೆ ಸಮಯ ನಾಲ್ಕು ಪಟ್ಟು ಬೇಕು.

ಇನ್ನು ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದ ಅವಕೆಂಪು ಕ್ಯಾಮೆರಾ ನಿಯರ್‌ಕ್ಯಾಮ್ ದೀರ್ಘ ಎಕ್ಸ್‌ಪೋಷರ್‌ಗಳನ್ನು ನಿಭಾಯಿಸುವ ರೀತಿ ನಿಜಕ್ಕೂ ಚೆಂದ. ಬೆಳಕಿನಿಂದ ಸಂವೇದಕದಲ್ಲಿ ಕೂಡಿದ ವಿದ್ಯುದಂಶವನ್ನು ಅಳಿಸದೆಯೇ ಅದು ಮತ್ತೆ ಮತ್ತೆ ಓದುತ್ತದೆ. ಪೂರ್ಣ ಚೌಕಟ್ಟಿನ ಒಂದು ಓದಿಗೆ ಸುಮಾರು 10.7 ಸೆಕೆಂಡು. ಓದಿನಿಂದ ಓದಿಗೆ ವಿದ್ಯುದಂಶ ಏರುವ ವೇಗವೇ ಬೆಳಕಿನ ಅಳತೆ. ನಡುವೆ ಕಾಸ್ಮಿಕ್ ಕಿರಣ ಬಡಿದರೆ ಅಲ್ಲೊಂದು ಜಿಗಿತ ಕಾಣುತ್ತದೆ. ಅದನ್ನಷ್ಟೇ ಬಿಟ್ಟು ಉಳಿದ ಓದುಗಳನ್ನು ಬಳಸಿಕೊಳ್ಳಬಹುದು. ಎಂಥ ಜಾಣತನ!

ನಿಯರ್‌ಕ್ಯಾಮ್ ಹೀಗೆ ತೆಗೆದ, 2022ರ ಜುಲೈಯಲ್ಲಿ ಪ್ರಕಟವಾದ ಎಸ್‌ಎಂಎಸಿಎಸ್ 0723 ಗೆಲಾಕ್ಸಿಗುಚ್ಛದ ಚಿತ್ರಕ್ಕೆ, ಎಲ್ಲ ತರಂಗಾಂತರಗಳ ಎಕ್ಸ್‌ಪೋಷರ್ ಸೇರಿ, ಹಿಡಿದದ್ದು 12.5 ಗಂಟೆ.