ಅಲಗಿನ ಹದ: ಚಾಕು ಕೊಳ್ಳುವ ರಸಿಕರಿಗೊಂದು ಕೈಪಿಡಿ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಚಾಕು ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲಗನ್ನು ಬಿಸಿಲಿಗೆ ಹಿಡಿದು ಮುಖ ನೋಡಿಕೊಳ್ಳುತ್ತಾರೆ. ಉಗುರಿನಿಂದ ಟಣ್ಣೆನಿಸಿ ತಲೆದೂಗುತ್ತಾರೆ. ಬೆನ್ನಿನ ಮೇಲೆ ಗರಗಸದ ಹಲ್ಲಿದ್ದರೆ ಕೇಳಿದಷ್ಟು ಕೊಟ್ಟು ಬರುತ್ತಾರೆ. ಆ ಹಲ್ಲು ಬೇವಿನ ಟೊಂಗೆಯನ್ನೂ ಕೊಯ್ಯುವುದಿಲ್ಲ, ಒತ್ತಿ ಹಿಡಿಯಬೇಕಾದ ಹೆಬ್ಬೆರಳನ್ನು ಮಾತ್ರ ಕೆರೆಯುತ್ತದೆ. ಟಣ್ ಎಂಬ ದನಿ ಹೇಳುವುದು ಇಷ್ಟೇ: ದೊಡ್ಡ ಬಿರುಕಿಲ್ಲ. ಹೊಳಪಂತೂ ಏನೂ ಹೇಳುವುದಿಲ್ಲ. ಪುರವಂತರ ಕೈಯ ಖಡ್ಗ ಮಿಂಚಲಿ, ಅದು ದೇವರ ಮುಂದೆ ಕುಣಿಯುವ ಅಲಗು. ಹನಿ ನೀರಾವರಿಯ ಪೈಪು ಕತ್ತರಿಸಲು, ಶುಂಠಿ ಬೀಜದ ಗಡ್ಡೆ ಹೋಳು ಮಾಡಲು, ಗೋಣಿಚೀಲದ ಹೊಲಿಗೆ ಬಿಚ್ಚಲು ಸೊಂಟದಲ್ಲಿ ಇಟ್ಟುಕೊಳ್ಳುವ ಗೇಣಿನ ಚಾಕಿಗೆ ಬೇಕಾದದ್ದು ಹದ.

ನನಗೆ ಈ ಕಣ್ಣು ಬಂದದ್ದು ಅಂಗಡಿಯಲ್ಲಲ್ಲ. ಹೈದರಾಬಾದ್–ಪುಣೆ ಹೆದ್ದಾರಿಯ ಪಕ್ಕ ಅಲೆಮಾರಿ ಕಮ್ಮಾರರಾದ ಘಿಸಾಡಿಗಳ ಒಂದು ಕುಟುಂಬ ಡೇರೆ ಹಾಕಿತ್ತು. ಗಂಡ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಿದ್ದ. ಹೆಂಡತಿ ನಿಂತು ಸಮ್ಮಟಿಗೆ ಎತ್ತಿ ಸರಿಯಾಗಿ ಅದೇ ಜಾಗಕ್ಕೆ ಹೊಡೆಯುತ್ತಿದ್ದಳು. ಇಬ್ಬರ ನಡುವೆ ಒಂದು ಮಾತಿಲ್ಲ. ಆಕಾರ ಬಂದ ಮೇಲೆ ಅಲಗನ್ನು ಮತ್ತೆ ಕಾಯಿಸಿ, ಬಾಯಿಯ ಭಾಗವನ್ನಷ್ಟೇ ಎಣ್ಣೆಗೆ ಇಳಿಸಿ ತೆಗೆದ. ಕಲ್ಲಿಗೆ ಉಜ್ಜಿ ಒಂದು ಕಡೆ ಬೆಳ್ಳಗೆ ಮಾಡಿ ನನ್ನತ್ತ ಚಾಚಿದ: "ಬಣ್ಣ ಓಡಲತ್ಯಾದ, ನೋಡ್ರಿ ಸಾಹೇಬ್ರೆ." ಬೆನ್ನಿನಲ್ಲಿ ಉಳಿದಿದ್ದ ಕಾವು ಬಾಯಿಯ ಕಡೆಗೆ ಹರಿಯುತ್ತಿತ್ತು. ಹಿಂದೆ ನೀಲಿ, ಅದರ ಮುಂದೆ ನೇರಳೆ, ತುದಿಯಂಚಿಗೆ ಜೋಳದ ದಂಟಿನ ಹಳದಿ. ಹಳದಿ ಬಾಯಿಗೆ ಮುಟ್ಟುತ್ತಲೇ ಪೂರ್ತಿ ಮುಳುಗಿಸಿಬಿಟ್ಟ. ಬೆಲ್ಲದ ಪಾಕ ಇಳಿಸುವವನಿಗೆ ಇರುವಂಥದೇ ನಿರ್ಧಾರ, ತಡವಾದರೆ ಕೆಟ್ಟಿತು.

ಇದು ಅರ್ಥವಾಗದೆ ಚಾಕಿನ ಬಗ್ಗೆ ಮಾತಾಡಬಾರದು. ಈ ಸೀಮೆಯ ಒಳ್ಳೆಯ ಚಾಕು ಹುಟ್ಟುವುದು ಲಾರಿಯ ಕಮಾನು ಪಟ್ಟಿಯಿಂದ. ಅದರಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6. ಗಟ್ಟಿಯಾಗಲು ಅಷ್ಟು ಸಾಕು. ಕಾಯುತ್ತಾ 770 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ ಹೋದಾಗ ಥಟ್ಟನೆ ತಣಿಸಬೇಕು. ಒಳ್ಳೆಯ ಕಮ್ಮಾರ ಕುಲುಮೆಯನ್ನು ನೆರಳಿನಲ್ಲಿ ಇಡುವುದು ಈ ಕೆಂಪು ಕಣ್ಣಿಗೆ ಸರಿಯಾಗಿ ಕಾಣಲಿ ಎಂದೇ. ಬಿಸಿಲಲ್ಲಿ ಕೆಂಪು ಮಂಕಾಗಿ, ಕಬ್ಬಿಣ ಅತಿಯಾಗಿ ಕಾಯ್ದುಬಿಡುತ್ತದೆ. ಕಮಾನು ಪಟ್ಟಿಗೆ ನೀರಿಗಿಂತ ಎಣ್ಣೆ ಕ್ಷೇಮ, ನೀರಿನಲ್ಲಿ ಸೀಳುವ ಭಯವಿದೆ. ತಣಿಸಿದ ಕೂಡಲೇ ಉಕ್ಕು ಗಟ್ಟಿ, ಆದರೆ ಪೆಡಸು. ಬಿದ್ದರೆ ಮುರಿಯುತ್ತದೆ. ಅದನ್ನು ಮತ್ತೆ ಮಿದುಗೊಳಿಸುವುದೇ ಆ ಬಣ್ಣಗಳ ಓಟ. ತಿಳಿ ಹಳದಿಗೆ 220 ಡಿಗ್ರಿಯ ಆಸುಪಾಸು, ನೇರಳೆಗೆ 280, ನೀಲಿಗೆ 300. ಬಾಯಿ ಹಳದಿಯಲ್ಲಿ ನಿಂತು ಬೆನ್ನು ನೀಲಿಗೆ ಹೋದ ಅಲಗು ಚೂಪು ಹಿಡಿಯುತ್ತದೆ, ಬಾಗಿದರೂ ಮುರಿಯುವುದಿಲ್ಲ.

ಕೊಳ್ಳುವಾಗ ಇದನ್ನು ಪರೀಕ್ಷಿಸುವುದು ಹೇಗೆ? ಜೇಬಿನಲ್ಲಿ ಒಂದು ಸಣ್ಣ ಅರ ಇರಲಿ. ಬಾಯಿಯ ಮೇಲೆ ಹಗುರವಾಗಿ ಎಳೆಯಿರಿ. ಅರ ಸಲೀಸಾಗಿ ಕಚ್ಚಿದರೆ ಅಲಗು ಮೆತ್ತಗಿದೆ. ಕಚ್ಚದೆ ಜಾರಿಯೇ ಹೋದರೆ ಹದ ಇಳಿಸಿಲ್ಲ. ಕಚ್ಚಿಯೂ ಕಚ್ಚದಂತೆ ಇರಬೇಕು. ಆಮೇಲೆ ಹಿತ್ತಾಳೆ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿಟ್ಟು ಒತ್ತಿ ಎಳೆಯಿರಿ. ಅಂಚು ಕೂದಲೆಳೆಯಷ್ಟು ಬಾಗಿ ಹಿಂದೆ ಬಂದರೆ ಕೊಳ್ಳಿ. ಬಾಗಿದ್ದು ಹಾಗೇ ಉಳಿದರೆ, ಚಕ್ಕೆ ಎದ್ದರೆ, ಬಿಟ್ಟು ಬನ್ನಿ. ಈ ಪರೀಕ್ಷೆಗೆ ಒಪ್ಪದ ವ್ಯಾಪಾರಿಯ ಹತ್ತಿರ ಎರಡನೇ ಸಲ ಹೋಗಬೇಡಿ.

ಬಸವಕಲ್ಯಾಣದ ಲಾರಿ ರಿಪೇರಿ ಶೆಡ್ಡುಗಳ ಕಡೆ ಒಬ್ಬ ಹಿರಿಯ ಕಮ್ಮಾರರ ಕೆಲಸ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಗಿರಾಕಿ ತಂದುಕೊಟ್ಟ ಪಟ್ಟಿಯ ಒಂದು ತುಂಡನ್ನು ಕಾಯಿಸಿ, ತಣಿಸಿ, ಬೇಕೆಂದೇ ಮುರಿದರು. ಮುರಿದ ಮುಖದಲ್ಲಿ ಕಾಳು ಸಣ್ಣದಾಗಿ, ಮಬ್ಬು ಬೂದಿ ಬಣ್ಣಕ್ಕಿದೆಯೇ ಎಂದು ನೋಡಿದರು. ದಪ್ಪ ಕಾಳು ಮಿಣಮಿಣ ಎಂದರೆ ಕಾವು ಮೀರಿದೆ ಎಂದರ್ಥ. ಆಮೇಲೆ ಪಟ್ಟಿಯ ಉದ್ದಕ್ಕೂ ಬಿರುಕು ಹುಡುಕಿದರು, ಏಕೆಂದರೆ ಭಾರ ಹೊತ್ತು ದಣಿದ ಪಟ್ಟಿಯೊಳಗೆ ಕೂದಲು ಬಿರುಕು ಅಡಗಿರುತ್ತದೆ. ಕೊನೆಗೆ "ಇದು ಬ್ಯಾಡ್ರಿ, ಬ್ಯಾರೆ ತರ್ರಿ" ಎಂದು ಕೂಲಿ ಬಿಟ್ಟು ಪಟ್ಟಿ ಹಿಂದೆ ಕೊಟ್ಟರು. ಅಂಥವರ ಕುಲುಮೆಯ ಮುಂದೆ ಅರ್ಧ ದಿನ ಕೂತವನಿಗೆ ಅಂಗಡಿಯ ಗಾಜಿನ ಪೆಟ್ಟಿಗೆ ಸಪ್ಪೆ ಎನಿಸುತ್ತದೆ.

ಈಗ ಮೊಬೈಲಿನಲ್ಲಿ ಅಲೆಅಲೆ ಗೆರೆಯ 'ಡಮಾಸ್ಕಸ್' ಚಾಕು ತರಿಸುವ ಹುಚ್ಚು ಬೇರೆ. ಎರಡು ಬಗೆಯ ಉಕ್ಕಿನ ಪದರ ಬೆಸೆದು ಆಸಿಡ್ಡಿನಲ್ಲಿ ಅದ್ದಿದರೆ ಆ ಗೆರೆ ಏಳುತ್ತದೆ. ಹದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದೇ ದಖ್ಖನಿನ ಕೋನಸಮುದ್ರಂನಲ್ಲಿ ಮೂಸೆಯೊಳಗೆ ಕರಗಿಸಿದ ಉಕ್ಕನ್ನು ಕೊಳ್ಳಲು ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು; ಡಮಾಸ್ಕಸ್ ಎಂದು ಹೆಸರಾದದ್ದು ಅಂಥ ಉಕ್ಕಿನ ಅಲಗು, ಅದರ ಗೆರೆ ಉಕ್ಕಿನೊಳಗಿಂದಲೇ ಹುಟ್ಟಿದ್ದು. ಆ ಉಕ್ಕಿನ ಹೆಸರಿನಲ್ಲಿ ಈ ಸರಕನ್ನು ಮಾರುವುದು ಮೋಸ.

ಅಳತೆಗೆ ಗುರು ಬೇಕೆಂದರೆ ಚಮ್ಮಾರರ ರಂಪಿಗೆ ನೋಡಿ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಗೂ ನುಲಿಯ ಚಂದಯ್ಯನ ಗವಿಗೂ ಕೈಮುಗಿದು ಹೋಗುವವರಿಗೆ, ಚರ್ಮ ಕೊಯ್ದು ಕೆರ ಮಾಡಿದ, ಹುಲ್ಲು ಕೊಯ್ದು ಹಗ್ಗ ಹೊಸೆದ ಆ 12ನೇ ಶತಮಾನದ ಕಾಯಕಗಳೆರಡೂ ಅಲಗನ್ನು ನಂಬಿದ್ದವು ಎಂಬುದು ಹೊಳೆಯುವುದೇ ಇಲ್ಲ. ರಂಪಿಗೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ, ಆದರೂ ದಪ್ಪ ತೊಗಲನ್ನು ಒಂದೇ ಒತ್ತಿಗೆ ಸೀಳುತ್ತದೆ. ಹೊಲದ ಚಾಕಿಗೂ ನಾಲ್ಕು ಇಂಚಿನ ಅಲಗು ಧಾರಾಳ, ಬೆನ್ನು 3 ಮಿ.ಮೀ. ಇದ್ದರೆ ಬೇಕಾದಷ್ಟಾಯಿತು. ಕಬ್ಬು ಕಡಿಯಲು ಕೊಯ್ತಾ ಇದೆ, ಆ ಕೆಲಸಕ್ಕೆ ಇದನ್ನು ಎಳೆಯಬೇಡಿ.

ಹಿಡಿಕೆ ಜಾಲಿಯದಿರಲಿ. ಉಕ್ಕು ಹಿಡಿಕೆಯ ಕೊನೆಯವರೆಗೂ ಹೋಗಿ ರಿವಿಟ್ ಆಗಿರಬೇಕು. ಹಿಡಿಕೆಗೆ ಕುಸುಬೆ ಎಣ್ಣೆ ಸವರಿ, ಅದು ಒಣಗಿ ಪದರವಾಗುತ್ತದೆ. ಅಲಗಿಗೆ ಮಾತ್ರ ಅದೇ ಕಾರಣಕ್ಕೆ ಬೇಡ, ಕೊಬ್ಬರಿ ಎಣ್ಣೆ ಸಾಕು. ತೊಗಲಿನ ಒರೆ ಸೊಂಟದಲ್ಲಿ ಚಂದ, ಆದರೆ ಮಳೆಗಾಲದಲ್ಲಿ ತೇವ ಹಿಡಿದು ಅಲಗಿಗೆ ತುಕ್ಕು ತರುತ್ತದೆ. ಮನೆಗೆ ಬಂದೊಡನೆ ಚಾಕನ್ನು ಹೊರಗೆ ತೆಗೆದು, ಒರೆಸಿ, ಮಕ್ಕಳ ಕೈಗೆ ಸಿಗದಂತೆ ಗೂಡಿನ ಮೇಲಿಡಿ.