ಟೇಪು ಹಿಡಿದು ಅಳೆಯುವ ಸನ್ನದು

ಉಡುಪಿಯ ಬನ್ನಂಜೆಯಲ್ಲಿ ನಾರಾಯಣ ಗುರು ಮಂದಿರವಿದೆ, ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣವಿದೆ, ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಮದ್ಯದ ಸನ್ನದು ಕೊಡುವ ಮುನ್ನ ನೋಡಬೇಕೆಂದು ಕಾನೂನು ಹೇಳುವ ಗುಡಿ, ಶಾಲೆ, ಕಚೇರಿ, ಹೆದ್ದಾರಿಗಳೆಲ್ಲ ಇಂಥ ಊರಿನಲ್ಲಿ ಒತ್ತೊತ್ತಾಗಿವೆ. ನಮ್ಮ ಸನ್ನದು ಪದ್ಧತಿ ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ಬೇರೆಲ್ಲೂ ಹೋಗಬೇಕಿಲ್ಲ.

1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮವು ಧಾರ್ಮಿಕ ಸಂಸ್ಥೆ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎನ್ನುತ್ತದೆ. ಉದ್ದೇಶ ಒಳ್ಳೆಯದು. ಆದರೆ ಅಳತೆ ಶುರುವಾಗುವುದು ಅಂಗಡಿಯ ಬಾಗಿಲಿನ ನಡುವಿನಿಂದ, ಜನ ನಡೆದು ಹೋಗುವ ಹತ್ತಿರದ ದಾರಿಯಲ್ಲಿ. ಬಾಗಿಲನ್ನು ಹಿಂಬದಿಗೆ ತಿರುಗಿಸಿದರೆ ಅಂತರ ಬೆಳೆಯುತ್ತದೆ, ಅಂಗಡಿ ಮಾತ್ರ ಅಲ್ಲೇ ಇರುತ್ತದೆ. ಗೋಡೆಯಾಚೆಯ ಮನೆಯವರಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಹೆದ್ದಾರಿಯ ವಿಚಾರದಲ್ಲೂ ಹೀಗೇ ಆಯಿತು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗಿನ ಮದ್ಯ ಮಾರಾಟಕ್ಕೆ ತಡೆ ಹಾಕಿತು. ಮರುವರ್ಷ ಮಾರ್ಚ್‌ನಲ್ಲಿ 20,000ಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಜುಲೈನಲ್ಲಿ, ನಗರಾಡಳಿತದ ವ್ಯಾಪ್ತಿಯೊಳಗಿನ ಸನ್ನದುಗಳಿಗೆ ಈ ತಡೆ ಅನ್ವಯಿಸದೆಂದು ಸ್ಪಷ್ಟಪಡಿಸಿತು. ಕುಡಿದು ಗಾಡಿ ಓಡಿಸುವವನಿಗೆ ನಗರಸಭೆಯ ಗಡಿ ಎಲ್ಲಿ ಮುಗಿಯಿತೆಂಬ ಪರಿವೆ ಇರುತ್ತದೆಯೇ?

ಪದ್ಧತಿಯ ನಿಜವಾದ ದೋಷ ಇನ್ನೂ ಆಳದಲ್ಲಿದೆ. ಮದ್ಯ ರಾಜ್ಯದ ವಿಷಯ. ಸನ್ನದಿನ ತೀರ್ಮಾನ ಅಬಕಾರಿ ಇಲಾಖೆ ಮತ್ತು ಜಿಲ್ಲಾಡಳಿತದ ಕೈಯಲ್ಲಿ, ಸುಂಕ ರಾಜ್ಯದ ಬೊಕ್ಕಸಕ್ಕೆ. ಒಡೆದ ಬಾಟಲಿ, ರಸ್ತೆಬದಿಯ ಪಾರ್ಕಿಂಗ್, ರಾತ್ರಿಯ ಗಲಾಟೆ ಇವೆಲ್ಲ ನಗರಸಭೆಯ, ವಾರ್ಡಿನ ಪಾಲು. ವೈನ್ ಶಾಪ್‌ಗಳ ಸಿಎಲ್-2, ಬಾರ್‌ಗಳ ಸಿಎಲ್-9 ಸನ್ನದುಗಳನ್ನು ಹೊಸದಾಗಿ ಕೊಡುವುದನ್ನು 1992ರಲ್ಲೇ ನಿಲ್ಲಿಸಿದ್ದರೂ, ವಸತಿಗೃಹದ ಹೆಸರಿನ ಸಿಎಲ್-7ಕ್ಕೂ ಎಂಎಸ್‌ಐಎಲ್ ಮಳಿಗೆಗಳಿಗೂ ಬಾಗಿಲು ತೆರೆದೇ ಇತ್ತು. 2025ರ ರಾಜ್ಯ ಬಜೆಟ್ ಹೊಸ ಸನ್ನದುಗಳನ್ನು ಇ-ಹರಾಜಿನಲ್ಲಿ ಕೊಡುವುದಾಗಿ ಹೇಳಿತು. ಹರಾಜಿನಲ್ಲಿ ಪಾರದರ್ಶಕತೆ ಬರಬಹುದು. ಅಕ್ಕಪಕ್ಕದವರ ಮಾತು ಅಲ್ಲಿಯೂ ಕೇಳಿಸುವುದಿಲ್ಲ.

ಕರಾವಳಿಗೆ ಇನ್ನೊಂದು ಇತಿಹಾಸವೂ ಇದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೂ ಇಲ್ಲಿ ಶೇಂದಿ ಉಳಿಯಿತು. ತೆಂಗು, ತಾಳೆ ಮರ ಏರುವ ಮೂರ್ತೆದಾರರು ಸನ್ನದಿನ ಚೌಕಟ್ಟಿನಲ್ಲೇ ದುಡಿಯುತ್ತಾರೆ. ಮೂರ್ತೆ ಕುಲಕಸುಬಾಗಿದ್ದ ಬಿಲ್ಲವ ಸಮಾಜವೇ, ಮದ್ಯ ಮಾಡುವುದೂ ಕುಡಿಯುವುದೂ ಬೇಡವೆಂದ ನಾರಾಯಣ ಗುರುವಿಗೆ ಬನ್ನಂಜೆಯಲ್ಲಿ ಮಂದಿರ ಕಟ್ಟಿತು. ಕುಡಿತದ ಬಗ್ಗೆ ಇಷ್ಟು ಆಳವಾಗಿ ಯೋಚಿಸಿದ ಊರಿನವರನ್ನು ಒಂದು ಮಾತೂ ಕೇಳದೆ ಸನ್ನದು ಕೊಡುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಊರಿನವರ ಮಾತಿಗೆ ಬೆಲೆ ಕೊಡುವ ಪದ್ಧತಿ ಬೇರೆಡೆ ಇದೆ. ಗಾಂಜಾವನ್ನೇ ನೋಡಿ: ನಮ್ಮಲ್ಲಿ ಅದಕ್ಕೆ ಅಂಗಡಿಯಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅದು ಅಪರಾಧ. ಆದರೆ 2016ರ ಜನಮತದಲ್ಲಿ ಗಾಂಜಾ ಮಾರಾಟವನ್ನು ಒಪ್ಪಿಕೊಂಡ ಕ್ಯಾಲಿಫೋರ್ನಿಯಾ, ತಮ್ಮಲ್ಲಿ ಅಂಗಡಿ ಬೇಡವೆನ್ನುವ ಹಕ್ಕನ್ನು ಆಯಾ ನಗರಗಳಿಗೇ ಬಿಟ್ಟಿತು. ಅಷ್ಟು ದೂರ ಹೋಗುವುದೇಕೆ, ಮಹಾರಾಷ್ಟ್ರದಲ್ಲಿ ಹೆಂಗಸರು ಮತ ಹಾಕಿ ಊರಿನ ಮದ್ಯದಂಗಡಿ ಮುಚ್ಚಿಸಬಹುದು.

ಊರಿಗೆ ಅಧಿಕಾರ ಕೊಟ್ಟರೆ ಕಾನೂನುಬದ್ಧ ಅಂಗಡಿ ಮುಚ್ಚಿ, ಗೂಡಂಗಡಿಯಲ್ಲಿ ಕದ್ದು ಮಾರುವುದು ಹೆಚ್ಚೀತು ಎಂಬ ವಾದವಿದೆ. ಅದರಲ್ಲಿ ಹುರುಳಿದೆ. ಬಂಡವಾಳ ಹಾಕಿದ ಸನ್ನದುದಾರನನ್ನು ಒಂದು ಸಭೆಯ ಸಿಟ್ಟಿಗೆ ಬಲಿ ಕೊಡುವುದೂ ಸರಿಯಲ್ಲ. ಆದ್ದರಿಂದ ಹೊಸ ಸನ್ನದು ಮತ್ತು ಸ್ಥಳಾಂತರ, ಇವೆರಡರಲ್ಲಾದರೂ ವಾರ್ಡಿನವರ ಒಪ್ಪಿಗೆ ಕಡ್ಡಾಯವಾಗಬೇಕು. ನವೀಕರಣದ ವೇಳೆ ಅವರ ದೂರುಗಳಿಗೆ ಲಿಖಿತ ಉತ್ತರ ಸಿಗಬೇಕು.

ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ನಿಮ್ಮ ಬೀದಿಯ ಅಂಗಡಿಯ ಬಗ್ಗೆ ತಕರಾರಿದ್ದರೆ ಅದಕ್ಕೆ ಮೊದಲೇ ಜಿಲ್ಲಾಧಿಕಾರಿಗೂ ಅಬಕಾರಿ ಉಪ ಆಯುಕ್ತರಿಗೂ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ಒಂದು ಪ್ರತಿಯನ್ನು ನಗರಸಭೆಗೂ ಸಲ್ಲಿಸಿ.